ಕಾದಂಬರಿಯ ಓದು ಮತ್ತು ಅವ್ವನ ಪ್ರಶ್ನೆ

ಮೊದಲೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ವಿಮರ್ಶಕನಲ್ಲ, ಕಾದಂಬರಿ ಹುಚ್ಚಿನವನು. ಊಟ ಬಿಟ್ಟೇನು, ಅರ್ಧ ಓದಿದ ಕಾದಂಬರಿ ಬಿಡಲಾರೆ. ಸಂಘಟನೆಯ ಗೆಳೆಯರಲ್ಲಿ ಈ ಹುಚ್ಚಿಗೆ ಅಂಥಾ ಮರ್ಯಾದೆಯೇನೂ ಇರಲಿಲ್ಲ. ಒಮ್ಮೆ ಭೂಮಿಗಾಗಿ ನಡೆದ ಧರಣಿಯ ಪೆಂಡಾಲಿನ ಮೂಲೆಯಲ್ಲಿ ಕೂತು ಓದುತ್ತಿದ್ದಾಗ ಹಿರಿಯರೊಬ್ಬರು, 'ಏನಪ್ಪಾ, ನಾವಿಲ್ಲಿ ಭೂಮಿ ಕೇಳ್ತಾ ಕೂತಿದ್ದೀವಿ, ನೀನು ರಾಜಕುಮಾರಿ ಕತೆ ಓದ್ತಾ ಕೂತಿದ್ದೀಯಲ್ಲ' ಎಂದು ರೇಗಿಸಿದರು. ನನ್ನ ಕೈಲಿದ್ದದ್ದು 'ಚೋಮನ ದುಡಿ'. ಅದೂ ಭೂಮಿ ಕೇಳಿದವನ ಕತೆಯೇ. ಆದರೆ ಅವತ್ತು ನಾನು ಉತ್ತರ ಕೊಡಲಿಲ್ಲ, ಪುಸ್ತಕವನ್ನು ಜೋಳಿಗೆಗೆ ಹಾಕಿಕೊಂಡೆ. ಕೊಡದೆ ಹೋದ ಆ ಉತ್ತರವನ್ನೇ ಈಗ ಬರೆಯುತ್ತಿದ್ದೇನೆ.

ಈ ಪ್ರಶ್ನೆ ನನ್ನೊಬ್ಬನದಲ್ಲ. 1973ರ ನವೆಂಬರಿನಲ್ಲಿ ಆಗ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಅದರ ಬೆನ್ನಿಗೇ ಎದ್ದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ದಲಿತ ಸಂಘಟನೆ, ದಲಿತ ಸಾಹಿತ್ಯ ಎರಡಕ್ಕೂ ಆ ಬೂಸಾ ಪ್ರಕರಣ ಒಂದು ಮೂಲ. ಆಗ ನಾನಿನ್ನೂ ಸ್ಲೇಟು ಹಿಡಿದ ಹುಡುಗ. ಮುಂದೆ ಹಾಸ್ಟೆಲ್ಲಿನಲ್ಲಿ ಈ ಕತೆಯನ್ನು ಹಿರಿಯ ಹುಡುಗರ ಬಾಯಲ್ಲಿ ಕೇಳಿದಾಗ ನನಗೆ ಎರಡು ಅನ್ನಿಸಿತು. ಒಂದು, ಅವರು ಹೇಳಿದ್ದು ನಿಜ. ಎರಡು, ಹಾಗಾದರೆ ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು ಓದುತ್ತಿರುವುದೇನು?

ದನ ಸಾಕಿದ ಮನೆಯವರಿಗೆ ಬೂಸಾ ಅಂದರೆ ಏನೆಂದು ಗೊತ್ತು. ಕಾಳು ಯಾರೋ ಉಂಡ ಮೇಲೆ ಉಳಿದದ್ದು. ಇದು ಬೂಸಾ ಎಂದು ಹೇಳಬೇಕಾದರೂ ಮೊರ ಹಿಡಿದು ಕೇರಿ ನೋಡಿರಬೇಕು. ನನ್ನ ಓದಿನ ಮೊರ ಯಾವುದು, ಅದರಲ್ಲಿ ನಾನು ಮೆಚ್ಚಿದ ಕಾದಂಬರಿಗಳನ್ನು ಹೇಗೆ ಕೇರುತ್ತೇನೆ ಎನ್ನುವುದನ್ನು ವಿವರಿಸುವುದಷ್ಟೆ ಇಲ್ಲಿ ನನ್ನ ಉದ್ದೇಶ.

ಓದಿನ ರೂಢಿ

ನಮ್ಮ ಮನೆಗೆ ಮೊದಲು ಬಂದ ಸಾಹಿತ್ಯ ಅಂಗಡಿಯ ಪೊಟ್ಟಣದ ಕಾಗದ. ಕಡಲೆಪುರಿ ತಿಂದ ಮೇಲೆ ಕಾಗದ ಬಿಡಿಸಿ ಓದುತ್ತಿದ್ದೆ. ಯಾವುದೋ ಕಾದಂಬರಿಯ 87ನೇ ಪುಟ ನನ್ನ ಕೈಲಿ, 89ನೇ ಪುಟ ಯಾರ ಮನೆಯ ಬೆಲ್ಲಕ್ಕೆ ಹೋಯಿತೋ. ಹಾಸ್ಟೆಲ್ಲಿಗೆ ಬಂದ ಮೇಲೆ ಪತ್ತೇದಾರಿ ಕಾದಂಬರಿಗಳು, ತ್ರಿವೇಣಿ, ಅನಕೃ, ತರಾಸು, 'ಸುಧಾ' 'ತರಂಗ'ದ ಧಾರಾವಾಹಿಗಳು, ತೆಲುಗಿನಿಂದ ಬಂದ ಯಂಡಮೂರಿ. ಜಾತಿ ನೋಡದೆ ಎಲ್ಲವನ್ನೂ ಓದಿದೆ. ಒಂದು ಪುಸ್ತಕ ಮೂವತ್ತು ಕೈ ದಾಟಿ ಬರುವಷ್ಟರಲ್ಲಿ ರಟ್ಟು ಇರುತ್ತಿರಲಿಲ್ಲ, ಎಷ್ಟೋ ಸಲ ಕೊನೆಯ ಹಾಳೆಯೂ ಇರುತ್ತಿರಲಿಲ್ಲ. ಆಗ ದೀಪ ಆರಿಸಿದ ಮೇಲೆ ಚಾಪೆಯ ಮೇಲೆ ಮಲಗಿಕೊಂಡು ಆ ಕತೆಗೆ ನಾವೇ ಕೊನೆ ಕಟ್ಟುತ್ತಿದ್ದೆವು. ಒಬ್ಬೊಬ್ಬನದು ಒಂದೊಂದು ಕೊನೆ. ಬರೆದವನು ಹೇಳಿದ್ದೇ ಕೊನೆಯ ಮಾತಲ್ಲ ಎಂಬುದು ನನಗೆ ಯಾವ ಸಿದ್ಧಾಂತದಿಂದಲೂ ತಿಳಿದದ್ದಲ್ಲ, ಹರಿದ ಪುಸ್ತಕಗಳಿಂದ ತಿಳಿದದ್ದು.

ಈಗಲೂ ನಾನು ಕಾದಂಬರಿಯನ್ನು ಎರಡು ಸಲ ಓದುತ್ತೇನೆ. ಮೊದಲ ಓದಿನಲ್ಲಿ ಜಗಳವಿಲ್ಲ. ಪೆನ್ಸಿಲ್ ಮುಟ್ಟುವುದಿಲ್ಲ. ಕತೆ ಕರೆದಲ್ಲಿಗೆ ಹೋಗುತ್ತೇನೆ, ಅಳಿಸಿದರೆ ಅಳುತ್ತೇನೆ. ಹತ್ತು ಹದಿನೈದು ದಿನ ಬಿಟ್ಟು ಎರಡನೆಯ ಓದು. ಆಗ ಪಕ್ಕದಲ್ಲೊಂದು ಇನ್ನೂರು ಪುಟದ ನೋಟ್‌ಬುಕ್ ಇರುತ್ತದೆ. ನಡುವೆ ಒಂದೆರಡು ಪುಟಗಳನ್ನು ಗಟ್ಟಿಯಾಗಿ ಓದಿ ಕಿವಿಗೆ ಕೇಳಿಸಿಕೊಳ್ಳುತ್ತೇನೆ. ಈ ಗಟ್ಟಿಯಾಗಿ ಓದುವ ರೂಢಿ ಬಂದದ್ದು ಅವ್ವನಿಂದ.

ಅವ್ವನ ಪ್ರಶ್ನೆ

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಒಂದು ಸಂಜೆ ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು 'ಚೋಮನ ದುಡಿ' ಓದಿ ಹೇಳುತ್ತಿದ್ದೆ. ಕರಾವಳಿಯ ಮಾತನ್ನು ನಮ್ಮ ನಂಜನಗೂಡು ಸೀಮೆಯ ಮಾತಿಗೆ ತಿರುಗಿಸಿಕೊಂಡು ಹೇಳಬೇಕಿತ್ತು. ಚೋಮನ ಕಿರಿಮಗ ನೀಲ ಹೊಳೆಯಲ್ಲಿ ಮುಳುಗುವ ಭಾಗ ಬಂತು. ದಡದಲ್ಲಿ ಜನ ಇದ್ದಾರೆ, ಆದರೆ ಹೊಲೆಯರ ಹುಡುಗನೆಂದು ಮುಟ್ಟಿ ಎತ್ತುವವರಿಲ್ಲ. ಅವ್ವನ ಕೈ ನಿಂತಿತು.

'ನಮ್ಮೋರು ಯಾರೂ ಇರ್ನಿಲ್ವ ಅಲ್ಲಿ?' ಅಂದಳು.

'ಕತ ಬರ್ದವ್ರು ಹಂಗ ಬರ್ದವ್ರ ಕಣವ್ವ' ಅಂದೆ.

'ಬರ್ದವ್ರು ನೋಡ್ನಿಲ್ಲ ಅಂದ್ರ ಇರ್ನಿಲ್ಲ ಅಂತಾನಾ? ನಿನ್ನ ಚಿಕ್ಕಪ್ಪನ ಮಗ ನಾಲಗ ಬಿದ್ದಾಗ ನಾವು ನಾಕು ಜನ ಹೆಂಗಸ್ರು ಸೀರ ಉಟ್ಕಂಡೇ ಹಾರ್ಕಂಡ್ವಲ್ಲ.'

ಅಷ್ಟು ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಆಮೇಲೆ ನಾನು ಎಂ.ಎ. ಓದಿದೆ, ವಿಮರ್ಶೆಯ ದಪ್ಪ ದಪ್ಪ ಪುಸ್ತಕಗಳನ್ನು ಓದಿದೆ. ಆದರೆ ನಾನು ಕೇಳಿದ ಮೊದಲ ದಲಿತ ವಿಮರ್ಶೆ ಇದೇ.

ಕಾರಂತರ ದೊಡ್ಡತನವನ್ನು ಇಲ್ಲಿ ಅಲ್ಲಗಳೆಯುತ್ತಿಲ್ಲ. 1933ರಲ್ಲಿ ಒಬ್ಬ ಮೇಲ್ಜಾತಿಯ ಲೇಖಕ ಅಸ್ಪೃಶ್ಯನ ಹಸಿವನ್ನು ಬರೀ ಅನ್ನದ ಹಸಿವೆಂದು ನೋಡದೆ ಭೂಮಿಯ ಹಸಿವೆಂದು ಕಂಡದ್ದು ಸಣ್ಣ ಮಾತಲ್ಲ. ಎತ್ತು ಇವೆ, ಉಳುವ ಆಸೆ ಇದೆ, ಉಳಲು ಗೇಣಿಗೂ ಒಂದು ತುಂಡು ನೆಲವಿಲ್ಲ. 1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ತಿದ್ದುಪಡಿ ಕಾಯಿದೆ ಬಂದಾಗ ಗೇಣಿ ಮಾಡುತ್ತಿದ್ದವರಿಗೆ ಭೂಮಿ ಸಿಕ್ಕಿತು. ಆದರೆ ಗೇಣಿಯನ್ನೇ ನಿರಾಕರಿಸಲಾಗಿದ್ದ ಚೋಮನಂಥ ಜೀತದಾಳು ಆ ಕಾಯಿದೆಯ ಕಣ್ಣಿಗೂ ಬೀಳಲಾರ. ಕಾಯಿದೆ ಬರುವ ನಲವತ್ತು ವರ್ಷ ಮೊದಲೇ ಅದರ ಮಿತಿಯನ್ನು ಒಂದು ಕಾದಂಬರಿ ಹೇಳಿಬಿಟ್ಟಿತ್ತು. ಧರಣಿಯ ಪೆಂಡಾಲಿನಲ್ಲಿ ಆ ಹಿರಿಯರಿಗೆ ನಾನು ಹೇಳಬೇಕಾಗಿದ್ದುದು ಇದನ್ನೇ.

ಆದರೂ ಅವ್ವನ ಪ್ರಶ್ನೆ ಅಲ್ಲೇ ಉಳಿಯುತ್ತದೆ. ಚೋಮನ ದುಃಖ ಒಂಟಿ ದುಃಖ. ಅವನ ಸುತ್ತ ಕೇರಿ ಒಂದು ಸಮುದಾಯವಾಗಿ ಎದ್ದು ನಿಲ್ಲುವುದಿಲ್ಲ. ಅವನಿಗಿರುವುದು ದುಡಿಯೊಂದೇ. ಮಕ್ಕಳು ಒಬ್ಬೊಬ್ಬರಾಗಿ ಹೋಗುತ್ತಾರೆ, ಅವನು ದುಡಿ ಬಡಿಯುತ್ತಾ ಸಾಯುತ್ತಾನೆ. ದೂರದಿಂದ ಮರುಗುವ ಕಣ್ಣಿಗೆ ಕಾಣುವುದು ಗುಡಿಸಲು. ಒಳಗಿದ್ದವರಿಗೆ ಕಾಣುವುದು ಕೇರಿ. ಈ ವ್ಯತ್ಯಾಸ ಹಿಡಿದುಕೊಂಡು ಹೊರಟ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆಗಳು ಖಾಯಂ ಆದವು.

ಒಂದು: ಯಾರ ಸಾವಿಗೆ ಎಷ್ಟು ಪುಟ?

ಅನಂತಮೂರ್ತಿಯವರ 'ಸಂಸ್ಕಾರ' (1965) ನನ್ನ ಮೆಚ್ಚಿನ ಕಾದಂಬರಿ. ಮೊದಲ ಓದಿನಲ್ಲಿ ನಾನು ಪ್ರಾಣೇಶಾಚಾರ್ಯರ ಜೊತೆಗೇ ತಳಮಳಿಸಿದವನು. ನಾರಣಪ್ಪ ಸತ್ತಿದ್ದಾನೆ, ಹೆಣ ಕೊಳೆಯುತ್ತಿದೆ, ಸಂಸ್ಕಾರ ಮಾಡುವವರು ಯಾರು ಎಂಬುದು ಇಡೀ ಅಗ್ರಹಾರದ ಸಮಸ್ಯೆ. ಎರಡನೆಯ ಓದಿನಲ್ಲಿ ನಾನು ಕೇರಿಯ ಕಡೆ ತಿರುಗಿದೆ. ಅಲ್ಲೂ ಜನ ಸಾಯುತ್ತಿದ್ದಾರೆ, ಅದೇ ರೋಗಕ್ಕೆ. ಗುಡಿಸಲ ಸಮೇತ ಹೆಣಗಳನ್ನು ಸುಟ್ಟುಬಿಡುತ್ತಾರೆ. ಅದು ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಅಗ್ರಹಾರದ ಒಂದು ಹೆಣಕ್ಕೆ ಇಡೀ ಕಾದಂಬರಿ, ಕೇರಿಯ ಹೆಣಗಳಿಗೆ ನಾಲ್ಕು ಸಾಲು.

ಇನ್ನೂ ಒಂದಿದೆ. ಕೇರಿಯ ಬೆಳ್ಳಿ ಶ್ರೀಪತಿಯ ಜೊತೆ ಇಲಿಗಳ ವಿಚಿತ್ರವನ್ನೂ ಕೇರಿಯ ಸಾವನ್ನೂ ಹೇಳತೊಡಗುತ್ತಾಳೆ. ಅವನಿಗೆ ಬೇಕಾಗಿರುವುದು ಅವಳ ಮೈ, ಮಾತಲ್ಲ. ಊರಿಗೆ ಬಂದ ಮಾರಿಯ ಸುದ್ದಿ ಇದ್ದದ್ದು ಅವಳ ಮಾತಿನಲ್ಲಿ. ಆ ಮಾತನ್ನು ಕೇಳಿಸಿಕೊಂಡಿದ್ದರೆ ಅಗ್ರಹಾರ ಶಾಸ್ತ್ರ ತಡಕುವುದು ಬಿಟ್ಟು ಊರು ಬಿಡುತ್ತಿತ್ತೇನೋ. ಇದನ್ನು ಅನಂತಮೂರ್ತಿ ಅರಿಯದೆ ಬರೆದರೆಂದು ನಾನು ಹೇಳಲಾರೆ. ಕಾದಂಬರಿಗೆ ತನ್ನ ನಾಯಕನಿಗಿಂತ ಹೆಚ್ಚು ಗೊತ್ತಿದೆ. ಆದರೆ ನಮ್ಮ ವಿಮರ್ಶೆ ದಶಕಗಳ ಕಾಲ ಆಚಾರ್ಯರ ಅಸ್ತಿತ್ವದ ಪ್ರಶ್ನೆಯನ್ನು ಚರ್ಚಿಸಿದಷ್ಟು ಬೆಳ್ಳಿಯ ಮಾತನ್ನು ಚರ್ಚಿಸಲಿಲ್ಲ. ಶ್ರೀಪತಿಯ ಕಿವುಡು ವಿಮರ್ಶಕರಿಗೂ ಅಂಟಿತು.

'ಚೋಮನ ದುಡಿ'ಯ ಮಗಳ ಹೆಸರೂ ಬೆಳ್ಳಿಯೇ. ಅಪ್ಪನ ಸಾಲ ತೀರಿಸಲು ತೋಟಕ್ಕೆ ದುಡಿಯಲು ಹೋದವಳು. ಎರಡು ಕಾದಂಬರಿಗಳ ನಡುವೆ ಮೂವತ್ತು ವರ್ಷಗಳ ಅಂತರ, ಒಂದೇ ಹೆಸರು, ಇಬ್ಬರ ಮೈಮೇಲೂ ಬೇರೆಯವರ ಹಕ್ಕು. ಈ ಇಬ್ಬರು ಬೆಳ್ಳಿಯರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಕಾದಂಬರಿಗಾಗಿ ನಾನಿನ್ನೂ ಕಾಯುತ್ತಿದ್ದೇನೆ. ಅದನ್ನು ಬರೆಯಬೇಕಾದವಳು ಕೇರಿಯ ಹೆಣ್ಣುಮಗಳೇ ಹೊರತು ನನ್ನಂಥವನಲ್ಲ.

ಎರಡು: ಒಲೆ ಯಾರ ಮನೆಯಲ್ಲಿ ಉರಿಯುತ್ತದೆ?

ಕಾದಂಬರಿಕಾರ ನಮ್ಮವರನ್ನು ಹೊಲದಲ್ಲಿ, ಜಗಲಿಯ ಕೆಳಗೆ, ಗುಡಿಯ ಹೊರಗೆ ನಿಲ್ಲಿಸಿ ನೋಡುತ್ತಾನೋ, ಅಥವಾ ನಮ್ಮ ಮನೆಯ ಒಲೆ ಮುಂದೆ ಬಂದು ಕೂರುತ್ತಾನೋ ಎಂಬುದು ಎರಡನೆಯ ಪ್ರಶ್ನೆ. ಹೊರಗೆ ನಾವು ಕೈಕಟ್ಟಿ ನಿಂತವರು. ಒಲೆಯ ಮುಂದೆ ನಾವು ಜಗಳ ಆಡುತ್ತೇವೆ, ನಗುತ್ತೇವೆ, ಸುಳ್ಳು ಹೇಳುತ್ತೇವೆ, ಅಂದರೆ ಪೂರಾ ಮನುಷ್ಯರಾಗಿರುತ್ತೇವೆ.

ಬೂಸಾ ಪ್ರಕರಣ ನಡೆದ 1973ರಲ್ಲೇ ಬಂದ 'ಭಾರತೀಪುರ'ದಲ್ಲಿ ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ಹೊಲೆಯರನ್ನು ಮಂಜುನಾಥನ ಗುಡಿಗೆ ಪ್ರವೇಶ ಮಾಡಿಸಲು ಹೊರಡುತ್ತಾನೆ. ತನ್ನ ಮನೆಯ ಸಾಲಿಗ್ರಾಮವನ್ನು ಅವರಿಂದ ಮುಟ್ಟಿಸಲು ಹೋಗುವ ದೃಶ್ಯ ನೆನಪಿಸಿಕೊಳ್ಳಿ. ಅವರು ಹೆದರಿ ಹಿಂಜರಿಯುತ್ತಾರೆ, ಅವನು ಸಿಟ್ಟಿಗೇಳುತ್ತಾನೆ. ಬಿಡುಗಡೆ ಮಾಡಲು ಬಂದವನು ಗದರಿಸುವವನಾಗುತ್ತಾನೆ. ಈ ಕ್ರೌರ್ಯವನ್ನು ಕಾದಂಬರಿ ಮುಚ್ಚಿಡುವುದಿಲ್ಲ, ಅದು ಅದರ ಪ್ರಾಮಾಣಿಕತೆ. ಆದರೆ ಆ ರಾತ್ರಿ ಆ ಹುಡುಗರು ಮನೆಗೆ ಹೋಗಿ ಏನು ಮಾತಾಡಿಕೊಂಡರು? ಯಾರು ಅತ್ತರು, ಯಾರು ಜಗನ್ನಾಥನ ಧಾಟಿಯನ್ನು ಅಣಕಿಸಿ ನಕ್ಕರು? ಅದು ನಮಗೆ ಸಿಗುವುದಿಲ್ಲ. ನಾವು ಒಬ್ಬನ ಆತ್ಮಶೋಧನೆಯ ಸಾಮಗ್ರಿ ಮಾತ್ರ ಆಗುತ್ತೇವೆ.

ಮುಲ್ಕ್‌ರಾಜ್ ಆನಂದರ 'ಅನ್‌ಟಚಬಲ್' (1935) ಇಂಗ್ಲಿಷಿನಲ್ಲಿ ಬಂದದ್ದು. ಜಾಡಮಾಲಿ ಹುಡುಗ ಬಾಖನ ಒಂದೇ ದಿನದ ಕತೆ. ಕೊನೆಯಲ್ಲಿ ಪಾದ್ರಿ, ಗಾಂಧಿ, ನೀರಿನಿಂದ ತೊಳೆಯುವ ಯಂತ್ರ ಎಂದು ಮೂರು ಬಿಡುಗಡೆಗಳನ್ನು ಅವನ ಮುಂದೆ ಇಡಲಾಗುತ್ತದೆ. ಮೂರೂ ಬೇರೆಯವರು ಕೊಡುವಂಥವು. 1927ರಲ್ಲೇ ಮಹಾಡಿನ ಕೆರೆಯ ನೀರನ್ನು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮುಟ್ಟಿಯಾಗಿತ್ತು, ಆ ದಾರಿ ಬಾಖನಿಗೆ ಕಾಣುವುದಿಲ್ಲ. ಇಷ್ಟಿದ್ದೂ ನನಗೆ ಬಾಖ ಇಷ್ಟ. ಅವನಿಗೆ ಹಾಕಿ ಆಡುವ ಆಸೆ, ಜಿಲೇಬಿಯ ಆಸೆ, ಸಿಪಾಯಿಗಳ ಉಡುಪಿನ ಆಸೆ. ಜಿಲೇಬಿ ಕೊಂಡು ಮೈಮರೆತು ನಡೆಯುವಾಗಲೇ ಅವನು ಮೇಲ್ಜಾತಿಯವನಿಗೆ ತಗುಲಿ ಏಟು ತಿನ್ನುವುದು. ಹಸಿವಿಗೆ ಮರುಗುವ ಲೇಖಕರು ಬಹಳ. ನಮ್ಮ ಚಪಲವನ್ನೂ ಗೌರವಿಸಿದವರು ಕಡಿಮೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿ ನನಗೆ ಹತ್ತಿರವಾಗುವುದು ಇದೇ ಕಾರಣಕ್ಕೆ. ಅವನಿಗೊಂದು ನಾಯಿ ಇದೆ, ಪ್ರೀತಿ ಇದೆ, ಉಪಾಯ ಇದೆ, ಮೊಂಡುತನ ಇದೆ. ತಿಮ್ಮಿಯನ್ನು ಹಾರಿಸಿಕೊಂಡು ಹೋಗುವಾಗ ಅವನು ಯಾರ ಉದ್ಧಾರಕ್ಕೂ ಕಾದು ಕೂತವನಲ್ಲ. ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋದಾಗ ನಾನು ಅತ್ತದ್ದು ಗುತ್ತಿಯ ಜಾತಿಗಲ್ಲ, ಗುತ್ತಿಯ ನಾಯಿಗೆ. ಮೇಲ್ಜಾತಿಯ ನಾಯಕನಿಗೆ ಮಾತ್ರ ಸಿಗುತ್ತಿದ್ದ ಇಂಥ ಅಳು ನಮ್ಮವನಿಗೂ ಸಿಕ್ಕಿತಲ್ಲ ಎಂಬುದು ನನಗೆ ದೊಡ್ಡದು.

ಒಲೆಯ ಮುಂದೆ ಪೂರ್ತಿ ಚಕ್ಕಂಬಕ್ಕಲ ಹಾಕಿ ಕೂತವರು ಮಾತ್ರ ದೇವನೂರ ಮಹಾದೇವ. 'ಒಡಲಾಳ'ದಲ್ಲಿ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಊರು ಸುತ್ತುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಮರುದಿನ ಪೊಲೀಸರು ಬರುತ್ತಾರೆ. ಎಷ್ಟು ಸಣ್ಣ ಕತೆ! ಆದರೆ ಆ ರಾತ್ರಿಯ ತಿನ್ನುವಿಕೆಯಲ್ಲಿ ಇರುವ ಸಂಭ್ರಮ ಕನ್ನಡದ ಎಷ್ಟು ಮದುವೆ ಊಟಗಳಲ್ಲಿದೆ? ಅವರು ಕದ್ದಿದ್ದಾರೆ ಎಂದು ಲೇಖಕ ನಾಚುವುದಿಲ್ಲ, ಅಯ್ಯೋ ಪಾಪ ಎನ್ನುವುದೂ ಇಲ್ಲ. 'ನಮ್ಮೋರು ಯಾರೂ ಇರ್ನಿಲ್ವ' ಎಂದ ಅವ್ವನಿಗೆ ಇದನ್ನು ಓದಿ ಹೇಳಿದಾಗ ನಡುನಡುವೆ ಬಿದ್ದು ಬಿದ್ದು ನಕ್ಕಳು. 'ಇವ್ರು ಯಾರ್ ಮನ ಕತ ಬರ್ದವ್ರ?' ಅಂತ ಅನುಮಾನದಿಂದ ಕೇಳಿದಳು.

ಮೂರು: ನಾಲಿಗೆ ಯಾರದು?

ಕಾದಂಬರಿಯಲ್ಲಿ ನಮ್ಮವರು ಆಡುವ ಮಾತು ಕೇರಿಯದಾಗಿದ್ದರೂ ನಿರೂಪಣೆ ಶಿಷ್ಟ ಕನ್ನಡದಲ್ಲೇ ಇರುತ್ತದೆ. ಅಂದರೆ ಮಾತಾಡುವವರು ನಾವು, ನಮ್ಮನ್ನು ಕುರಿತು ಯೋಚಿಸುವವರು ಅವರು. ಈ ಏರ್ಪಾಡನ್ನು ಮುರಿದದ್ದು 'ಕುಸುಮಬಾಲೆ' (1988). ಅಲ್ಲಿ ನಿರೂಪಣೆಯೇ ನಂಜನಗೂಡು ಸೀಮೆಯ ಕೇರಿಯ ನಾಲಿಗೆಯಲ್ಲಿದೆ. ಮಂಚ ಮಾತಾಡುತ್ತದೆ, ಜೋತಮ್ಮಗಳು ಒಟ್ಟು ಸೇರಿ ಮನೆಮನೆಯ ಸುದ್ದಿ ಹೇಳುತ್ತವೆ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಅರ್ಥವಾಗುವುದಿಲ್ಲ ಎಂದು ದೂರಿದವರಿದ್ದರು.

ನಮ್ಮ ತರಗತಿಯಲ್ಲಿ ಮೇಷ್ಟ್ರು ಅದನ್ನು ಓದಲು ಹೊರಟು ಎರಡನೇ ಸಾಲಿಗೇ ಎಡವಿದರು. ಪ್ರಾಮಾಣಿಕ ಮನುಷ್ಯ. 'ನಿಮ್ಮ ಕಡೆಯದಲ್ಲವೇನಯ್ಯಾ, ನೀನು ಓದು' ಎಂದು ಪುಸ್ತಕ ನನಗೆ ಕೊಟ್ಟರು. ನಾನು ಎದ್ದು ನಿಂತು ಓದಿದೆ. ಅದುವರೆಗೆ ಅದೇ ನಾಲಿಗೆಗಾಗಿ ನನ್ನನ್ನು ಆಡಿಕೊಳ್ಳುತ್ತಿದ್ದವರು ಸುಮ್ಮನೆ ಕೂತು ಕೇಳಿದರು, ಮಧ್ಯೆ ಕೈಯೆತ್ತಿ ಒಂದು ಪದದ ಅರ್ಥವನ್ನೂ ಕೇಳಿದರು. ಕನ್ನಡ ಸಾಹಿತ್ಯದಲ್ಲಿ ಅರ್ಥ ಕೇಳುವವನಾಗಿದ್ದ ನಾನು ಅವತ್ತು ಅರ್ಥ ಹೇಳುವವನಾದೆ. ಒಂದು ಕಾದಂಬರಿ ಒಬ್ಬ ಓದುಗನನ್ನು ಎಲ್ಲಿಂದ ಎಲ್ಲಿಗೆ ಸರಿಸಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಾಗಲಿಲ್ಲ.

ಮೊರವನ್ನು ನಮ್ಮ ಕಡೆಗೆ ತಿರುಗಿಸಿದಾಗ

ಇದೆಲ್ಲ ಕಾದಂಬರಿಯಲ್ಲಿ ಜಾತಿ ಎಣಿಸುವ ಕೆಲಸ ಎಂದು ಕೆಲವರು ಹೇಳಬಹುದು. ನಾನು ಎಣಿಸುತ್ತಿಲ್ಲ. ಲೇಖಕನ ಜಾತಿ ನೋಡಿ ತೀರ್ಪು ಕೊಡುವುದಿದ್ದರೆ ಓದುವ ಕಷ್ಟವೇ ಬೇಡ, ರಟ್ಟು ನೋಡಿದರೆ ಸಾಕು. ಓದಬೇಕಾಗಿರುವುದು ಕಾದಂಬರಿ ನಮ್ಮನ್ನು ಎಲ್ಲಿ ನಿಲ್ಲಿಸಿ ಮಾತಾಡಿಸುತ್ತದೆ ಎಂಬುದನ್ನು. ಆ ಪ್ರಶ್ನೆ ದಲಿತ ಲೇಖಕನಿಗೂ ದಲಿತ ಓದುಗನಿಗೂ ಒಂದೇ.

ನನಗದು ಅರಿವಾದದ್ದು ತಮಿಳಿನ ಇಮಯಂ ಅವರ 'ಕೋವೇರು ಕಳುದೈಗಳ್' (1994) ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದಾಗ. ಅಲ್ಲಿನ ಆರೋಗ್ಯಂ ಎಂಬ ಹೆಂಗಸು ದಲಿತರ ಬಟ್ಟೆ ಒಗೆಯುವ ಜಾತಿಯವಳು. ಕೇರಿಯ ಮನೆಮನೆಗೆ ಹೋಗಿ ಕೂಲಿಯಾಗಿ ಅನ್ನ ಎತ್ತಿ ತರುತ್ತಾಳೆ. ಅವಳ ಬಾಗಿಲಲ್ಲಿ ಯಜಮಾನನಂತೆ ನಿಂತವನು ಬ್ರಾಹ್ಮಣನಲ್ಲ, ಗೌಡನಲ್ಲ, ನಾನು. ಓದುತ್ತಾ ಓದುತ್ತಾ ಪುಸ್ತಕ ಮಡಿಸಿಟ್ಟೆ. ನಮ್ಮ ಕೇರಿಯ ಆಚೆ ತುದಿಯಲ್ಲೂ ಒಂದು ಮನೆಯಿತ್ತು. ಆ ಮನೆಯಲ್ಲಿ ನಾವು ನೀರು ಕುಡಿಯುತ್ತಿರಲಿಲ್ಲ. ಅವ್ವನೂ ಕುಡಿಯುತ್ತಿರಲಿಲ್ಲ. ಆ ಮನೆಯ ಹುಡುಗ ನಾಲೆಗೆ ಬಿದ್ದಿದ್ದರೆ ನಾಲ್ಕು ಜನ ಹೆಂಗಸರು ಸೀರೆ ಉಟ್ಟುಕೊಂಡೇ ಹಾರುತ್ತಿದ್ದರೆ? ಹಾರುತ್ತಿದ್ದರು ಎಂದು ನಂಬಲು ನನಗೆ ಆಸೆ. ಗೊತ್ತಿಲ್ಲ.

'ನಮ್ಮೋರು' ಅಂದರೆ ಯಾರು ಎಂದು ಅವ್ವನನ್ನು ನಾನು ತಿರುಗಿ ಕೇಳಲಿಲ್ಲ. ಈಗ ಅವಳಿಲ್ಲ.

ವಿದ್ಯಾರ್ಥಿ ಗೆಳೆಯರಿಗೆ ಕೊನೆಯದಾಗಿ ಇಷ್ಟು ಹೇಳುತ್ತೇನೆ. ಕಾದಂಬರಿಗಳನ್ನು ಬೂಸಾ ಎಂದು ಓದದೆ ಬಿಡಬೇಡಿ, ಕಾಳೆಂದು ಹಾಗೇ ನುಂಗಬೇಡಿ. ಮೊದಲು ಪ್ರೀತಿಯಿಂದ ಓದಿ, ಆಮೇಲೆ ಜಗಳ ಮಾಡಿ. ಪ್ರೀತಿ ಇಲ್ಲದ ಕಡೆ ಜಗಳಕ್ಕೂ ಅರ್ಥವಿಲ್ಲ. ಸಾಧ್ಯವಾದರೆ ಓದು ಬಾರದ ಯಾರಾದರೊಬ್ಬರಿಗೆ ಒಂದು ಅಧ್ಯಾಯ ಗಟ್ಟಿಯಾಗಿ ಓದಿ ಹೇಳಿ, ಅವರು ಕೈಕೆಲಸ ನಿಲ್ಲಿಸಿ ಕೇಳುವ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಅದಕ್ಕೆ ಮುಂದಿನ ಮನೆಯವರು ಏನನ್ನುತ್ತಾರೆ ಎಂದೂ ಕೇಳಿ. ಹಾಗೆ ಕೇಳುತ್ತಾ ಕೇಳುತ್ತಾ ಕೇರಿಯ ಆಚೆ ತುದಿಯ ಮನೆಯ ತನಕ ಹೋಗಬೇಕು. ಅಲ್ಲಿ ನೀರು ಕೊಟ್ಟರೆ ಕುಡಿದು ಬನ್ನಿ.